ಚಾಲಕ ನೆಟ್ಟಗೆ ಹೋಗಿದ್ದರೆ ಮಹಾಯುದ್ಧ ತಪ್ಪುತ್ತಿತ್ತೇ?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮೊದಲ ಮಹಾಯುದ್ಧದ ಪಾಠ ಬಂದಾಗ ಪ್ರತಿವರ್ಷವೂ ‘ಮೂಲ ಕಾರಣಗಳು’, ‘ತಕ್ಷಣದ ಕಾರಣ’ ಎಂದು ಕರಿಹಲಗೆಯ ಮೇಲೆ ಎರಡು ಪಟ್ಟಿ ಬರೆಯುತ್ತೇನೆ, ಮಕ್ಕಳು ಇಳಿಸಿಕೊಳ್ಳುತ್ತಾರೆ. ಈ ಸಲ ಒಬ್ಬ ಹುಡುಗ ಎದ್ದು ನಿಂತು, ಮೊಬೈಲಿನಲ್ಲಿ ನೋಡಿದ ಕಥೆಯೊಂದನ್ನು ಹೇಳಿದ. ಆಸ್ಟ್ರಿಯಾದ ಯುವರಾಜನ ಕಾರಿನ ಚಾಲಕ ದಾರಿ ತಪ್ಪಿದನಂತೆ. ಕೊಲೆಗಾರ ಅಲ್ಲೇ ಅಂಗಡಿಯಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದನಂತೆ. ಎದುರಿಗೇ ಕಾರು ಬಂದು ನಿಂತಿತು, ಎದ್ದು ಬಂದು ಗುಂಡು ಹಾರಿಸಿದನಂತೆ. “ಡ್ರೈವರ್ ನೆಟ್ಟಗೆ ಹೋಗಿದ್ದರೆ ಒಂದು ಕೋಟಿ ಜನ ಸಾಯುತ್ತಿರಲಿಲ್ಲ ಅಲ್ಲವೇ ಸರ್?” ಎಂದು ಕೇಳಿದ. ನಾನು ಮೂಲ ಕಾರಣಗಳ ಪಟ್ಟಿಯತ್ತ ಕೈ ತೋರಿಸಿದೆ. “ಇಷ್ಟೆಲ್ಲ ಕಾರಣ ಮೊದಲೇ ಇದ್ದರೆ ಯುದ್ಧ ಹೇಗಿದ್ದರೂ ಆಗುತ್ತಿತ್ತು. ಮತ್ತೆ ಕೊಲೆಯ ವಿಷಯ ಯಾಕೆ ಓದಬೇಕು?” ಎಂದ. ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಕೈಗಾರಿಕಾ ಕ್ರಾಂತಿಯಾದ ಮೇಲೆ ಇಂಥ ಯುದ್ಧ ಅನಿವಾರ್ಯವಾಗಿತ್ತೇ? ತಪ್ಪು ನಿಜವಾಗಿ ಯಾರದು? ತರಗತಿಯಲ್ಲಿ ಏನು ಹೇಳಲಿ, ಪರೀಕ್ಷೆಗೆ ಏನು ಬರೆಸಲಿ?

ಉತ್ತರ: ನಿಮ್ಮ ಹುಡುಗ ಕೇಳಿದ ಎರಡು ಪ್ರಶ್ನೆಗಳು ಒಂದಕ್ಕೊಂದು ಎದುರು ನಿಂತಿವೆ. ಮೊದಲನೆಯದರಲ್ಲಿ ಕಾಗೆ ಕೂತಿದ್ದಕ್ಕೇ ಟೊಂಗೆ ಮುರಿಯಿತು. ಎರಡನೆಯದರಲ್ಲಿ ಟೊಂಗೆ ಮೊದಲೇ ಒಣಗಿತ್ತು, ಕಾಗೆ ಬಂದರೂ ಒಂದೇ ಬಾರದಿದ್ದರೂ ಒಂದೇ. ಕಾಲೇಜಿನಲ್ಲಿ ಮೂವತ್ತು ವರ್ಷ ಇದೇ ಪಾಠ ಹೇಳಿದವನು ನಾನು. ಅದರಲ್ಲಿ ಮೊದಲ ಹತ್ತು ವರ್ಷ ಟೊಂಗೆಯ ಪಕ್ಷದಲ್ಲಿದ್ದೆ. ‘ಯುರೋಪ್ ಒಂದು ಮದ್ದಿನ ಪೀಪಾಯಿ, ಸರಯೇವೊ ಒಂದು ಕಿಡಿ’ ಎಂದು ನೋಟ್ಸ್ ಬರೆಸುತ್ತಿದ್ದೆ (ಆ ಕೊಲೆ ನಡೆದ ಊರು ಬೋಸ್ನಿಯಾದ ಸರಯೇವೊ). ಪರೀಕ್ಷೆಗೆ ಚೆನ್ನಾಗಿ ಒದಗುವ ಉಪಮೆ, ಆದರೆ ತಪ್ಪು. ಅದು ಏಕೆ ತಪ್ಪು ಎಂಬುದೇ ನಿಮ್ಮ ಪ್ರಶ್ನೆಗೆ ಉತ್ತರ. ಅದಕ್ಕೆ ಮೊದಲು ಆ ಸ್ಯಾಂಡ್‌ವಿಚ್ಚಿನ ಕಥೆ ಮುಗಿಸೋಣ.

ಸ್ಯಾಂಡ್‌ವಿಚ್ ಶುದ್ಧ ಸುಳ್ಳು. ಕೊಲೆಯ ವಿಚಾರಣೆಯಲ್ಲಾಗಲಿ, ಕಣ್ಣಾರೆ ಕಂಡವರ ಹೇಳಿಕೆಗಳಲ್ಲಾಗಲಿ ಅದರ ಸುಳಿವಿಲ್ಲ. ಅದು ಹಬ್ಬಿದ್ದು ಇತ್ತೀಚೆಗೆ, ಈ ಶತಮಾನದಲ್ಲಿ. ಅಂಗಡಿ ಇದ್ದದ್ದು ನಿಜ. ಷಿಲ್ಲರ್ ಎಂಬವನ ತಿಂಡಿ ತಿನಿಸಿನ ಅಂಗಡಿ ಅದು, ಲ್ಯಾಟಿನ್ ಸೇತುವೆಯ ಎದುರಿನ ಮೂಲೆಯಲ್ಲಿತ್ತು. ಕೊಲೆಗಾರ, ಹತ್ತೊಂಬತ್ತು ವರ್ಷದ ಗವ್ರಿಲೊ ಪ್ರಿನ್ಸಿಪ್, ಅದರ ಮುಂದೆ ನಿಂತಿದ್ದ. ಹಸಿವಿಗಾಗಿ ನಿಂತದ್ದಲ್ಲ. ಆಸ್ಟ್ರಿಯಾದ ಯುವರಾಜ ಆರ್ಚ್‌ಡ್ಯೂಕ್ ಫ್ರಾನ್ಸ್ ಫರ್ಡಿನೆಂಡ್ ಹೋಗುವ ದಾರಿ ಮುಂಚಿತವಾಗಿಯೇ ಪ್ರಕಟವಾಗಿತ್ತು, ಅದು ಆ ಮೂಲೆಯಲ್ಲೇ ತಿರುಗುತ್ತಿತ್ತು.

1914ರ ಜೂನ್ 28, ಭಾನುವಾರ. ಮಿಲ್ಯಾಟ್ಸ್ಕಾ ನದಿಯ ದಂಡೆಯ ರಸ್ತೆಯುದ್ದಕ್ಕೂ ಆರು ಮಂದಿ ಯುವಕರು ಚದುರಿ ನಿಂತಿದ್ದರು. ಮೊದಲಿನವನಿಗೆ ಕೈ ಏಳಲಿಲ್ಲ. ಚಾಬ್ರಿನೊವಿಚ್ ಎಂಬವನು ಬಾಂಬ್ ಎಸೆದ, ಅದು ಕಾರಿನ ಮಡಿಸಿದ ಮೇಲ್ಹೊದಿಕೆಗೆ ತಗುಲಿ ಹಿಂದಕ್ಕೆ ಪುಟಿದು ಹಿಂದಿನ ಕಾರಿನ ಕೆಳಗೆ ಸಿಡಿಯಿತು. ಅವನು ಸಯನೈಡ್ ನುಂಗಿ ನದಿಗೆ ಹಾರಿದ. ವಿಷ ಹಳಸಿತ್ತು, ನದಿಯಲ್ಲಿ ನೀರಿರಲಿಲ್ಲ, ಸಿಕ್ಕಿಬಿದ್ದ. ಆರ್ಚ್‌ಡ್ಯೂಕ್ ಪುರಭವನಕ್ಕೆ ಹೋದರೆ ಅಲ್ಲಿ ಮೇಯರ್ ಏನೂ ಆಗಿಲ್ಲವೆಂಬಂತೆ ಬರೆದುಕೊಂಡು ಬಂದಿದ್ದ ಸ್ವಾಗತ ಭಾಷಣವನ್ನೇ ಓದತೊಡಗಿದ. ಬಾಂಬ್ ಹಾಕಿಸಿಕೊಂಡು ಬಂದ ಅತಿಥಿ ರೇಗಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಅಲ್ಲಿಂದ ಹೊರಡುವಾಗ ಕಾರ್ಯಕ್ರಮ ಬದಲಾಯಿತು. ಗಾಯಾಳುಗಳನ್ನು ನೋಡಲು ಆಸ್ಪತ್ರೆಗೆ ಹೋಗುವುದು, ಪೇಟೆಯೊಳಕ್ಕೆ ತಿರುಗದೆ ನದಿದಂಡೆಯ ರಸ್ತೆಯಲ್ಲೇ ನೇರವಾಗಿ ಸಾಗುವುದು ಎಂದು ಗವರ್ನರ್ ಪೊಟಿಯೊರೆಕ್ ಮತ್ತು ಅಧಿಕಾರಿಗಳು ತೀರ್ಮಾನಿಸಿದರು. ಚಾಲಕರಿಗೆ ಮಾತ್ರ ಯಾರೂ ಹೇಳಲಿಲ್ಲ. ಚಾಲಕ ಲಿಯೊಪೋಲ್ಡ್ ಲೋಯ್ಕಾ ಮೊದಲು ಹೇಳಿದ್ದ ದಾರಿಯಂತೆ ಸೇತುವೆಯ ಬಳಿ ಬಲಕ್ಕೆ ತಿರುಗಿಸಿದ. ಪೊಟಿಯೊರೆಕ್ ಕೂಗಿಕೊಂಡ, ಕಾರು ನಿಂತಿತು. ಪ್ರಿನ್ಸಿಪ್ ಕೆಲವೇ ಹೆಜ್ಜೆಯ ದೂರದಲ್ಲಿದ್ದ. ಎರಡು ಗುಂಡು. ಫ್ರಾನ್ಸ್ ಫರ್ಡಿನೆಂಡ್ ಮತ್ತು ಆತನ ಹೆಂಡತಿ ಸೋಫಿ ಇಬ್ಬರೂ ಸತ್ತರು.

ಅಂದರೆ ಚಾಲಕ ದಾರಿ ತಪ್ಪಿಲ್ಲ, ಅಚ್ಚಾಗಿದ್ದ ದಾರಿಯಲ್ಲೇ ಹೋದ. ತಪ್ಪಿದ್ದು ಮೇಲಿನವರು, ತೀರ್ಮಾನ ಮಾಡಿ ಕೆಳಗಿನವನಿಗೆ ತಿಳಿಸದೆ ಇದ್ದವರು. ನಮ್ಮ ಕಚೇರಿಗಳಲ್ಲಿ ಕೆಲಸ ಮಾಡಿದ ಯಾರಿಗಾದರೂ ಇದು ತಕ್ಷಣ ಅರ್ಥವಾಗುತ್ತದೆ. ನೂರು ವರ್ಷದಿಂದ ಬೈಗುಳ ತಿನ್ನುತ್ತಿರುವವನು ಡ್ರೈವರ್.

ಇದೇ ಜಾತಿಯ ಇನ್ನೊಂದು ಕಥೆಯೂ ನಿಮ್ಮ ತರಗತಿಗೆ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಆ ಕಾರಿನ ನೋಂದಣಿ ಫಲಕದಲ್ಲಿ ‘ಎ’ ಅಕ್ಷರ, ರೋಮನ್ ಮೂರು, ಮುಂದೆ 118 ಎಂದಿತ್ತು. ಅದನ್ನು ಒಡೆದು ಓದಿದರೆ 11-11-18, ಯುದ್ಧ ನಿಂತ ದಿನ, ‘ಎ’ ಎಂದರೆ ಆರ್ಮಿಸ್ಟಿಸ್ ಎನ್ನುತ್ತಾರೆ. ಫಲಕ ನಿಜ, ಸಂಖ್ಯೆ ನಿಜ. ಆದರೆ ಆ ಕಾರಿನವರ ಭಾಷೆ ಜರ್ಮನ್. ಕದನವಿರಾಮಕ್ಕೆ ಆ ಭಾಷೆಯಲ್ಲಿರುವ ಪದ ‘ವಾಫೆನ್‌ಸ್ಟಿಲ್‌ಸ್ಟಾಂಡ್’. ವಿಧಿ ಭವಿಷ್ಯ ಬರೆಯುವಾಗ ಇಂಗ್ಲಿಷ್ ಕಲಿತುಕೊಂಡು ಬಂದಿತ್ತೆಂದು ನಂಬುವವರು ನಂಬಲಿ.

ಈಗ ಮದ್ದಿನ ಪೀಪಾಯಿ. ಪೀಪಾಯಿಗೆ ಕಿಡಿ ಬಿದ್ದರೆ ಸಿಡಿಯಲೇಬೇಕು, ಅದು ಯೋಚನೆ ಮಾಡುವುದಿಲ್ಲ. ಆದರೆ ಯುರೋಪಿನ ಮೇಲೆ ಅದಕ್ಕೂ ಮೊದಲು ಎಷ್ಟು ಕಿಡಿ ಬಿದ್ದಿದ್ದವು ನೋಡಿ. 1905ರಲ್ಲಿ ಮೊರಾಕ್ಕೊ ವಿಚಾರಕ್ಕೆ ಜರ್ಮನಿ ಮತ್ತು ಫ್ರಾನ್ಸ್ ಗುರುಗುಟ್ಟಿದವು, ಸಮ್ಮೇಳನ ಕರೆದು ಮುಗಿಸಿದರು. 1908ರಲ್ಲಿ ಆಸ್ಟ್ರಿಯಾ-ಹಂಗೇರಿ ಬೋಸ್ನಿಯಾವನ್ನು ನುಂಗಿತು, ರಷ್ಯಾ ಹಲ್ಲು ಕಚ್ಚಿ ಸುಮ್ಮನಾಯಿತು. 1911ರಲ್ಲಿ ಮತ್ತೆ ಮೊರಾಕ್ಕೊ, ಜರ್ಮನಿಯ ಯುದ್ಧನೌಕೆ ಅಗದೀರ್ ಬಂದರಿಗೆ ಹೋಗಿ ನಿಂತಿತು, ಅದೂ ಮಾತಿನಲ್ಲಿ ಮುಗಿಯಿತು. 1912-13ರಲ್ಲಿ ಬಾಲ್ಕನ್ ನಾಡುಗಳಲ್ಲಿ ನಿಜವಾದ ಯುದ್ಧವೇ ನಡೆಯಿತು. ಆ ಚಳಿಗಾಲದಲ್ಲಿ ರಷ್ಯಾ ಮತ್ತು ಆಸ್ಟ್ರಿಯಾ ಎರಡೂ ಗಡಿಯಲ್ಲಿ ಹೆಚ್ಚುವರಿ ಸೈನ್ಯ ಇಟ್ಟುಕೊಂಡಿದ್ದವು, ಮಾರ್ಚ್‌ನಲ್ಲಿ ಮಾತಾಡಿಕೊಂಡು ಇಳಿಸಿದವು. ಅದೇ ಸಾಮ್ರಾಜ್ಯಶಾಹಿ, ಅದೇ ಮೈತ್ರಿಕೂಟಗಳು, ಅದೇ ಶಸ್ತ್ರಾಸ್ತ್ರ ಪೈಪೋಟಿ, ಅದೇ ಉಗ್ರ ರಾಷ್ಟ್ರೀಯತೆ. ನಿಮ್ಮ ಪಟ್ಟಿಯಲ್ಲಿರುವುದೆಲ್ಲ ಇದ್ದವು, ಮಹಾಯುದ್ಧ ಮಾತ್ರ ಆಗಲಿಲ್ಲ.

ಹಾಗಾದರೆ ‘ಕಾರಣ ಇದ್ದವು, ಆದ್ದರಿಂದ ಆಯಿತು’ ಎಂಬ ಉತ್ತರ ನಿಲ್ಲುವುದಿಲ್ಲ. 1914ರಲ್ಲಿ ಬೇರೆ ಏನಾಯಿತು ಎಂಬುದನ್ನು ಹುಡುಕಬೇಕು. ಹುಡುಕಬೇಕಾದದ್ದು ಜೂನ್ 28ಕ್ಕೂ ಆಗಸ್ಟ್ 4ಕ್ಕೂ ನಡುವಿನ ಮೂವತ್ತೇಳು ದಿನಗಳಲ್ಲಿ.

ಕೊಲೆಯಾದ ಕೂಡಲೇ ಯುದ್ಧವಾಗಲಿಲ್ಲ ಎಂಬುದನ್ನು ಮಕ್ಕಳಿಗೆ ಒತ್ತಿ ಹೇಳಿ. ಆಸ್ಟ್ರಿಯಾದ ದಂಡನಾಯಕ ಕಾನ್ರಾಡ್‌ಗೆ ಸರ್ಬಿಯಾದ ಮೇಲೆ ಯುದ್ಧ ಮಾಡುವುದು ಹಳೆಯ ಹಟ, 1913ರ ಒಂದೇ ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಅದನ್ನೇ ಕೇಳಿದ್ದ. ಬೇಡ ಎಂದು ತಡೆಯುತ್ತಿದ್ದವರಲ್ಲಿ ಮುಖ್ಯನಾದವನು ಯಾರು ಗೊತ್ತೇ? ಫ್ರಾನ್ಸ್ ಫರ್ಡಿನೆಂಡ್. ಪ್ರಿನ್ಸಿಪ್‌ನ ಪಿಸ್ತೂಲು ಬಂದದ್ದು ಸರ್ಬಿಯಾದಿಂದ. ಅವನ ಗುಂಡು ನೆಪವನ್ನು ಒದಗಿಸಿದ್ದಷ್ಟೇ ಅಲ್ಲ, ತಡೆಯುತ್ತಿದ್ದ ಕೈಯನ್ನೂ ಕಡಿದುಹಾಕಿತು. ನಿಮ್ಮ ಹುಡುಗನ ಎರಡನೆಯ ಪ್ರಶ್ನೆಗೆ, ಅಂದರೆ ಕೊಲೆಯ ವಿಷಯ ಯಾಕೆ ಓದಬೇಕು ಎಂಬುದಕ್ಕೆ, ನನ್ನ ಮೊದಲ ಉತ್ತರ ಇದು.

ಜುಲೈ 5 ಮತ್ತು 6ರಂದು ಬರ್ಲಿನ್‌ನಲ್ಲಿ ಜರ್ಮನಿಯ ಚಕ್ರವರ್ತಿ ಕೈಸರ್ ಎರಡನೆಯ ವಿಲ್ಹೆಲ್ಮ್ ಮತ್ತು ಚಾನ್ಸಲರ್ ಬೆಥ್‌ಮಾನ್ ಹಾಲ್ವೆಗ್, ಆಸ್ಟ್ರಿಯಾ ಏನು ಮಾಡಿದರೂ ಜರ್ಮನಿ ಬೆನ್ನಿಗಿರುತ್ತದೆ ಎಂದು ಮಾತು ಕೊಟ್ಟರು. ಇತಿಹಾಸದಲ್ಲಿ ಇದಕ್ಕೆ ‘ಖಾಲಿ ಚೆಕ್’ ಎಂದೇ ಹೆಸರು. ಸಹಿ ಮಾಡಿ ಮೊತ್ತ ಬರೆಯದೆ ಕೊಟ್ಟ ಚೆಕ್. ಕೊಟ್ಟವನು ಹಡಗು ಹತ್ತಿ ನಾರ್ವೆಯ ಕಡೆ ವಿಹಾರಕ್ಕೆ ಹೋದ.

ಚೆಕ್ ಸಿಕ್ಕರೂ ಆಸ್ಟ್ರಿಯಾ ತಡಮಾಡಿತು. ಹಂಗೇರಿಯ ಪ್ರಧಾನಿ ಟಿಸ್ಸಾ ಎರಡು ವಾರ ಒಪ್ಪಲಿಲ್ಲ. ಸಾವಿರಾರು ಸೈನಿಕರು ಸುಗ್ಗಿಯ ರಜೆಯ ಮೇಲೆ ಊರಿಗೆ ಹೋಗಿದ್ದರು. ಕೊಯ್ಲಿನ ನಡುವೆ ಅವರನ್ನು ವಾಪಸ್ ಕರೆದರೆ ಪೈರೂ ಹಾಳು, ಗುಟ್ಟೂ ರಟ್ಟು. ಫ್ರಾನ್ಸಿನ ಅಧ್ಯಕ್ಷ ಪ್ವಾಂಕರೆ ರಷ್ಯಾದಲ್ಲಿ ಅತಿಥಿಯಾಗಿದ್ದ. ಅವನು ಹಡಗು ಹತ್ತುವವರೆಗೆ ಕಾಯಬೇಕಿತ್ತು. ಜುಲೈ 23ರ ಸಂಜೆ ಆರಕ್ಕೆ ಸರ್ಬಿಯಾಕ್ಕೆ ಹತ್ತು ಬೇಡಿಕೆಗಳ ಅಂತಿಮ ಎಚ್ಚರಿಕೆ ಹೋಯಿತು, ನಲವತ್ತೆಂಟು ಗಂಟೆಯ ಗಡುವು. ಸರ್ಬಿಯಾ ಬಹುಪಾಲು ತಲೆಬಾಗಿತು. ತನ್ನ ನೆಲದಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ತನಿಖೆ ನಡೆಸುವುದನ್ನು ಮಾತ್ರ ಒಪ್ಪಲಿಲ್ಲ. ಪ್ರಧಾನಿ ಪಾಶಿಚ್ ಗಡುವಿಗೆ ಸ್ವಲ್ಪ ಮೊದಲು ತಾನೇ ಆ ಉತ್ತರವನ್ನು ತಂದುಕೊಟ್ಟ. ಆಸ್ಟ್ರಿಯಾದ ರಾಯಭಾರಿ ಅದರ ಮೇಲೆ ಕಣ್ಣಾಡಿಸಿ, ಕಟ್ಟಿಟ್ಟಿದ್ದ ಗಂಟುಮೂಟೆ ಎತ್ತಿಕೊಂಡು ಆರೂವರೆಯ ರೈಲು ಹಿಡಿದ.

ವಿಹಾರದಿಂದ ಮರಳಿದ ಕೈಸರ್ ಸರ್ಬಿಯಾದ ಉತ್ತರವನ್ನು ಓದಿದ್ದು ಜುಲೈ 28ರ ಬೆಳಗ್ಗೆ. ಇನ್ನು ಯುದ್ಧಕ್ಕೆ ಕಾರಣವೇ ಉಳಿಯಲಿಲ್ಲ ಎಂದು ಅದರ ಮೇಲೆ ಟಿಪ್ಪಣಿ ಬರೆದ. ಅದೇ ದಿನ ಆಸ್ಟ್ರಿಯಾ ತಂತಿ ಕಳಿಸಿ ಯುದ್ಧ ಸಾರಿತು. ಚೆಕ್ ನಗದಾಗಿತ್ತು.

ಇಲ್ಲಿಯವರೆಗೂ ಇದು ಬಾಲ್ಕನ್ನಿನ ಮೂರನೆಯ ಯುದ್ಧ, ಅಷ್ಟೇ. ಆದರೆ ಸರ್ಬಿಯಾದ ಬೆನ್ನಿಗೆ ರಷ್ಯಾ ಇತ್ತು, ರಷ್ಯಾದ ಜೊತೆ ಫ್ರಾನ್ಸ್‌ನ ಮೈತ್ರಿಯಿತ್ತು. ಅದು ವಿಶ್ವದ ಯುದ್ಧವಾದದ್ದು ಮುಂದಿನ ಒಂದು ವಾರದಲ್ಲಿ. ನೀವು ಕೇಳಿದ ಕೈಗಾರಿಕಾ ಕ್ರಾಂತಿ ಬಂದು ಸೇರುವುದೂ ಇಲ್ಲೇ, ರೈಲಿನ ರೂಪದಲ್ಲಿ.

ಕೈಗಾರಿಕೀಕರಣಕ್ಕೂ ಮಹಾಯುದ್ಧಕ್ಕೂ ಸಂಬಂಧ ಹೇಳುವಾಗ ಸಾಮಾನ್ಯವಾಗಿ ನಾವು ಮಾರುಕಟ್ಟೆ, ಕಚ್ಚಾವಸ್ತು, ವಸಾಹತು ಎನ್ನುತ್ತೇವೆ. ಸುಳ್ಳಲ್ಲ. 1914ರ ಹೊತ್ತಿಗೆ ಜರ್ಮನಿ ಬ್ರಿಟನ್ನಿನ ಎರಡು ಪಟ್ಟಿಗೂ ಹೆಚ್ಚು ಉಕ್ಕು ತಯಾರಿಸುತ್ತಿತ್ತು, ಆ ಉಕ್ಕಿನಲ್ಲಿ ಯುದ್ಧನೌಕೆ ಕಟ್ಟಿ ಬ್ರಿಟನ್ನಿನ ನಿದ್ದೆ ಕೆಡಿಸಿತ್ತು. ಆದರೆ ಅದೇ ಬ್ರಿಟನ್ ಮತ್ತು ಜರ್ಮನಿ ಪರಸ್ಪರ ದೊಡ್ಡ ಗಿರಾಕಿಗಳೂ ಆಗಿದ್ದವು. ವ್ಯಾಪಾರದ ಪೈಪೋಟಿ ಮಾತ್ರ ಯಾರನ್ನೂ ಆಗಸ್ಟ್ 1ರಂದು ಗಡಿ ದಾಟಿಸುವುದಿಲ್ಲ. ನನ್ನ ಲೆಕ್ಕದಲ್ಲಿ ಕೈಗಾರಿಕಾ ಯುಗ ಮಾಡಿದ ನಿಜವಾದ ಅನಾಹುತ ಬೇರೆ. ಅದು ಯೋಚಿಸುವ ಸಮಯವನ್ನು ಕಿತ್ತುಕೊಂಡಿತು.

ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವೆ ರೈಲು ಓಡಿದ್ದು 1830ರಲ್ಲಿ. 1866 ಮತ್ತು 1870ರ ಯುದ್ಧಗಳಲ್ಲಿ ಪ್ರಷ್ಯಾ ರೈಲಿನಿಂದ ಸೈನ್ಯ ಸಾಗಿಸಿ ಗೆದ್ದ ಮೇಲೆ, ಯಾರು ಮೊದಲು ಗಡಿಗೆ ಸೈನ್ಯ ತರುತ್ತಾರೋ ಅವರದೇ ಗೆಲುವು ಎಂಬ ನಂಬಿಕೆ ಎಲ್ಲ ದೇಶಗಳ ಸೇನಾ ಕಚೇರಿಗಳಲ್ಲೂ ಬೇರೂರಿತು. ಅದರಿಂದ ಯುದ್ಧದ ಯೋಜನೆಯೆಂದರೆ ರೈಲಿನ ವೇಳಾಪಟ್ಟಿ ಎಂದಾಯಿತು. ಜರ್ಮನಿಯ ಒಂದೇ ಒಂದು ಸೇನಾ ಕೋರ್, ಅಂದರೆ ಸೈನ್ಯದ ಒಂದು ದೊಡ್ಡ ವಿಭಾಗ, ಸಾಗಿಸಲು 6,010 ಬೋಗಿಗಳು, 140 ರೈಲುಗಳು ಬೇಕಿದ್ದವು. ಆ ಬೋಗಿಗಳಲ್ಲಿ 2,960 ಅಶ್ವದಳಕ್ಕೆ, 965 ಕಾಲಾಳುಗಳಿಗೆ! ಕುದುರೆಗೆ ಜಾಗ ಹೆಚ್ಚು, ಮೇವೂ ಹೆಚ್ಚು. ಯಂತ್ರಯುಗದ ಸೈನ್ಯ ಕುದುರೆಯನ್ನು ರೈಲಿಗೆ ಹತ್ತಿಸಿಕೊಂಡು ಹೊರಟಿತ್ತು. ಕೊಲೋನ್ ನಗರದಲ್ಲಿ ರೈನ್ ನದಿಯ ಮೇಲಿನ ಹೊಹೆನ್ಝೊಲರ್ನ್ ಸೇತುವೆಯೊಂದರ ಮೇಲೆಯೇ ಆಗಸ್ಟ್ 2ರಿಂದ 18ರವರೆಗೆ 2,150 ರೈಲುಗಳು ಹಾದುಹೋದವು. ಹಗಲು ರಾತ್ರಿ, ಸರಿಸುಮಾರು ಹನ್ನೊಂದು ನಿಮಿಷಕ್ಕೊಂದು ರೈಲು. ನಮ್ಮ ಯಾವುದಾದರೂ ಜಂಕ್ಷನ್ನಿನಲ್ಲಿ ಒಂದು ರೈಲು ಅರ್ಧ ಗಂಟೆ ತಡವಾದರೆ ಹಿಂದಿನವು ಎಲ್ಲೆಲ್ಲಿ ನಿಲ್ಲುತ್ತವೆ ಎಂದು ಮಕ್ಕಳಿಗೆ ಕೇಳಿ, ಮುಂದಿನ ಕಥೆ ಅವರೇ ಹೇಳುತ್ತಾರೆ.

ಜರ್ಮನಿಯ ಬಳಿ ಇದ್ದದ್ದು ಒಂದೇ ಯೋಜನೆ. ಬೆಲ್ಜಿಯಂ ಮೂಲಕ ನುಗ್ಗಿ ಆರು ವಾರಗಳಲ್ಲಿ ಫ್ರಾನ್ಸನ್ನು ಮುಗಿಸುವುದು, ಆಮೇಲೆ ರೈಲು ಹತ್ತಿ ಪೂರ್ವಕ್ಕೆ ಬಂದು ರಷ್ಯಾವನ್ನು ಎದುರಿಸುವುದು. ರಷ್ಯಾ ದೊಡ್ಡ ದೇಶ, ಸೈನ್ಯ ಸೇರಿಸಲು ನಿಧಾನ ಎಂಬುದರ ಮೇಲೆ ಇಡೀ ಲೆಕ್ಕ ನಿಂತಿತ್ತು. ಆದ್ದರಿಂದ ರಷ್ಯಾ ಸೇನಾ ಜಮಾವಣೆ ಆರಂಭಿಸಿದ ಪ್ರತಿ ದಿನವೂ ಜರ್ಮನಿಗೆ ಒಂದು ದಿನದ ನಷ್ಟ. ಸಾಲದ್ದಕ್ಕೆ, ಫ್ರಾನ್ಸಿನ ಸಾಲದಿಂದ ರಷ್ಯಾ ಹೊಸ ರೈಲು ಮಾರ್ಗ ಹಾಕಿಸುತ್ತಿತ್ತು. 1917ರ ಹೊತ್ತಿಗೆ ಅದರ ಸೇನಾ ವಿಸ್ತರಣೆ ಮುಗಿಯುತ್ತಿತ್ತು. ಆಗುವುದಿದ್ದರೆ ಈಗಲೇ ಆಗಲಿ ಎಂಬ ಮಾತು ಬರ್ಲಿನ್ನಿನಲ್ಲಿ ಹುಟ್ಟಿದ್ದು ಸೊಕ್ಕಿನಿಂದ ಮಾತ್ರವಲ್ಲ, ಹೆದರಿಕೆಯಿಂದಲೂ ಹೌದು.

ರಷ್ಯಾದಲ್ಲಿ ಜುಲೈ 29ರ ರಾತ್ರಿ ಚಕ್ರವರ್ತಿ, ಅಂದರೆ ಜಾರ್, ಎರಡನೆಯ ನಿಕೊಲಸ್ ಪೂರ್ಣ ಜಮಾವಣೆಗೆ ಕೊಟ್ಟಿದ್ದ ಆಜ್ಞೆಯನ್ನು ಹಿಂತೆಗೆದುಕೊಂಡ. ಕೈಸರ್‌ನಿಂದ ತಂತಿ ಬಂದಿತ್ತು. ಇಬ್ಬರೂ ನೆಂಟರು, ‘ವಿಲ್ಲಿ’, ‘ನಿಕಿ’ ಎಂದು ಸಹಿ ಹಾಕಿಕೊಂಡು ತಂತಿ ಕಳಿಸಿಕೊಳ್ಳುತ್ತಿದ್ದರು. ಮರುದಿನ ವಿದೇಶಾಂಗ ಸಚಿವ ಸಾಜೊನೊವ್ ಜಾರ್‌ನ ಮುಂದೆ ಕೂತು ವಾದಿಸಿ ಮತ್ತೆ ಒಪ್ಪಿಸಿದ. ಈ ಸಲ ಆಜ್ಞೆ ಸಿಕ್ಕರೆ ಟೆಲಿಫೋನ್ ಒಡೆದುಹಾಕಿ ಯಾರಿಗೂ ಸಿಗದಂತೆ ಇರುತ್ತೇನೆ ಎಂದು ಸೇನಾ ಮುಖ್ಯಸ್ಥ ಯಾನುಷ್ಕೆವಿಚ್ ಮೊದಲೇ ಹೇಳಿಟ್ಟಿದ್ದ, ಜಾರ್ ಇನ್ನೊಮ್ಮೆ ಮನಸ್ಸು ಬದಲಿಸಬಾರದಲ್ಲ!

ಇನ್ನೊಂದು ದೃಶ್ಯ, ಆಗಸ್ಟ್ 1ರ ಸಂಜೆ, ಬರ್ಲಿನ್. ಕೈಸರ್ ಜಮಾವಣೆಯ ಆಜ್ಞೆಗೆ ಸಹಿ ಹಾಕಿಯಾಗಿದೆ. ಅಷ್ಟರಲ್ಲಿ ಲಂಡನ್ನಿನ ರಾಯಭಾರಿಯಿಂದ ತಂತಿ. ಫ್ರಾನ್ಸಿನ ಮೇಲೆ ಏರಿಹೋಗದಿದ್ದರೆ ಬ್ರಿಟನ್ ತಟಸ್ಥವಾಗಿ ಉಳಿಯಬಹುದು ಎಂಬ ಅರ್ಥದ್ದು (ಅದು ತಪ್ಪು ಗ್ರಹಿಕೆಯೆಂದು ಕೆಲವೇ ಗಂಟೆಗಳಲ್ಲಿ ತಿಳಿಯಿತು). ಕೈಸರ್‌ಗೆ ಸಂತೋಷವೋ ಸಂತೋಷ. ಸೈನ್ಯವನ್ನೆಲ್ಲ ಪೂರ್ವಕ್ಕೆ ತಿರುಗಿಸಿ ಎಂದ. ಸೇನಾ ಮುಖ್ಯಸ್ಥ ಮೋಲ್ಟ್ಕೆ ಆಗುವುದಿಲ್ಲ ಎಂದ. ಹತ್ತಾರು ಲಕ್ಷ ಜನರ ಸಾಗಣೆಯನ್ನು ನಿಂತ ಕಾಲಮೇಲೆ ಬದಲಿಸಿದರೆ ಗಡಿಯಲ್ಲಿ ಸೈನ್ಯವಿರುವುದಿಲ್ಲ, ಊಟವೂ ಇಲ್ಲದ ಜನಜಂಗುಳಿ ಇರುತ್ತದೆ ಎಂದ. ನಿನ್ನ ದೊಡ್ಡಪ್ಪನಾಗಿದ್ದರೆ ಬೇರೆ ಉತ್ತರ ಕೊಡುತ್ತಿದ್ದ ಎಂದು ಕೈಸರ್ ಚುಚ್ಚಿದ. 1870ರಲ್ಲಿ ಗೆದ್ದುಕೊಟ್ಟ ಹಿರಿಯ ಮೋಲ್ಟ್ಕೆ ಇವನ ತಂದೆಯ ಅಣ್ಣ. ಆ ಮಾತು ಇವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ನಾನು ಈ ದೃಶ್ಯವನ್ನು ವರ್ಷಗಟ್ಟಲೆ ‘ಯಂತ್ರ ಮನುಷ್ಯನನ್ನು ಆಳಿತು’ ಎಂಬುದಕ್ಕೆ ಸಾಕ್ಷಿಯಾಗಿ ಹೇಳುತ್ತಿದ್ದೆ. ಆಮೇಲೆ ತಿಳಿದ ಸಂಗತಿಯೊಂದು ನನ್ನ ಪಾಠವನ್ನು ಬದಲಿಸಿತು. ಜರ್ಮನ್ ಸೇನೆಯ ರೈಲು ವಿಭಾಗದ ಮುಖ್ಯಸ್ಥನಾಗಿದ್ದ ಫಾನ್ ಸ್ಟಾಬ್ಸ್ ಎಂಬ ಅಧಿಕಾರಿಗೆ ಯುದ್ಧ ಮುಗಿದ ಮೇಲೆ ಮೋಲ್ಟ್ಕೆಯ ಈ ಮಾತು ಓದಿ ಸಿಟ್ಟು ಬಂತು. ಆಗುತ್ತಿತ್ತು, ನನ್ನ ವಿಭಾಗ ಮಾಡಿ ತೋರಿಸುತ್ತಿತ್ತು ಎಂದು ನಕ್ಷೆ ಮತ್ತು ವೇಳಾಪಟ್ಟಿ ಸಮೇತ ಒಂದು ಪುಸ್ತಕವನ್ನೇ ಬರೆದ. ಅಂದರೆ ‘ರೈಲು ಬಿಡಲಿಲ್ಲ’ ಎಂಬುದೂ ಪೂರ್ತಿ ನಿಜವಲ್ಲ. ರೈಲಿನ ನೆಪ ಹೇಳಿದವನು ಒಬ್ಬ ಮನುಷ್ಯ. ಅವನು ಹಾಗೆ ಹೇಳಿದ್ದನ್ನು ಇನ್ನೊಬ್ಬ ಒಪ್ಪಿಕೊಂಡ.

ಜರ್ಮನಿ ಆಗಸ್ಟ್ 1ಕ್ಕೆ ರಷ್ಯಾದ ಮೇಲೆ, 3ಕ್ಕೆ ಫ್ರಾನ್ಸಿನ ಮೇಲೆ ಯುದ್ಧ ಸಾರಿತು. 4ಕ್ಕೆ ಬೆಲ್ಜಿಯಂ ಹೊಕ್ಕಿತು, ಅಂದೇ ರಾತ್ರಿ ಬ್ರಿಟನ್ ಯುದ್ಧಕ್ಕಿಳಿಯಿತು.

ಇನ್ನು ಅನಿವಾರ್ಯವಾಗಿತ್ತೇ ಎಂಬುದು. ಯುದ್ಧ ಶುರುವಾದದ್ದು ಅನಿವಾರ್ಯವಾಗಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಶುರುವಾದ ಮೇಲೆ ನಾಲ್ಕು ವರ್ಷ ಎಳೆದದ್ದಕ್ಕೆ, ಸುಮಾರು ಒಂದು ಕೋಟಿ ಸೈನಿಕರು ಸತ್ತದ್ದಕ್ಕೆ ಕಾರ್ಖಾನೆಗಳೇ ಕಾರಣ. ಈ ಎರಡನ್ನು ಬೇರೆಬೇರೆಯಾಗಿ ಕಲಿಸಿ, ಅರ್ಧ ಗೊಂದಲ ಹೋಗುತ್ತದೆ. ಮೆಷಿನ್ ಗನ್, ಮುಳ್ಳುತಂತಿ, ಶೀಘ್ರಗತಿಯ ಫಿರಂಗಿ ಇವೆಲ್ಲ ಕೂತು ಕಾಯುವವನಿಗೆ ಅನುಕೂಲ, ಎದ್ದು ಓಡುವವನಿಗೆ ಮೃತ್ಯು. 1916ರ ಜುಲೈ 1ರಂದು ಸೊಮ್ ನದಿಯ ಬಳಿ ಒಂದೇ ದಿನದಲ್ಲಿ ಬ್ರಿಟಿಷ್ ಸೇನೆಯ 19,240 ಮಂದಿ ಸತ್ತರು. ಅದಕ್ಕೆ ಮುಂಚಿನ ವಾರ 15 ಲಕ್ಷಕ್ಕೂ ಹೆಚ್ಚು ಶೆಲ್‌ಗಳನ್ನು ಹಾರಿಸಿಯಾಗಿತ್ತು. ಜರ್ಮನಿಗೆ ಚಿಲಿ ದೇಶದ ಪೆಟ್ಲುಪ್ಪು ಬರುವುದು ನಿಂತರೆ ಸಿಡಿಮದ್ದು ಮುಗಿದು ಸೋಲಬೇಕಿತ್ತು. ಆದರೆ 1913ರಲ್ಲೇ ಓಪಾವ್ ಎಂಬಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯ ತಯಾರಿಸುವ ಕಾರ್ಖಾನೆ ಆರಂಭವಾಗಿತ್ತು. ಗೊಬ್ಬರಕ್ಕೆಂದು ಕಂಡುಹಿಡಿದ ವಿಧಾನ ಯುದ್ಧವನ್ನು ಬದುಕಿಸಿಕೊಂಡು ಹೋಯಿತು. ಇಂದು ನಿಮ್ಮೂರಿನ ರೈತರು ತರುವ ಯೂರಿಯಾ ಕೂಡ ಅದೇ ವಿಧಾನದ ಮಗು.

ತಪ್ಪು ಯಾರದು ಎಂಬುದಕ್ಕೆ ನಿಮ್ಮ ಮುಂದೆ ಮೂರು ದಾರಿಗಳಿವೆ, ಮೂರರಲ್ಲೂ ಗುಂಡಿಗಳಿವೆ. ‘ಜರ್ಮನಿಯದೇ ತಪ್ಪು’ ಎನ್ನಬಹುದು. 1919ರ ವರ್ಸೈಲ್ಸ್ ಒಪ್ಪಂದದ 231ನೆಯ ವಿಧಿಯ ದಾರಿ ಇದು, 1961ರಲ್ಲಿ ಫ್ರಿಟ್ಜ್ ಫಿಷರ್ ಎಂಬ ಜರ್ಮನ್ ಇತಿಹಾಸಕಾರರೇ ದಾಖಲೆಗಳನ್ನು ಹರಡಿ ಹೆಚ್ಚುಕಡಿಮೆ ಅದನ್ನೇ ಹೇಳಿದಾಗ ಅವರ ದೇಶದಲ್ಲಿ ದೊಡ್ಡ ಗದ್ದಲವಾಯಿತು. ಇದರಲ್ಲಿ ಹುರುಳಿದೆ, ಖಾಲಿ ಚೆಕ್ ಕೊಟ್ಟವರು ಅವರೇ. ಅಪಾಯವೇನೆಂದರೆ, ವಿಯೆನ್ನಾ, ಬೆಲ್‌ಗ್ರೇಡ್, ಸೇಂಟ್ ಪೀಟರ್ಸ್‌ಬರ್ಗ್‌ಗಳಲ್ಲಿ ಕೂತಿದ್ದವರು ಮೆಲ್ಲಗೆ ಜಾರಿಕೊಳ್ಳುತ್ತಾರೆ. ಕೊಲೆಗಾರರಿಗೆ ಪಿಸ್ತೂಲು, ಬಾಂಬು ಸಿಕ್ಕಿದ್ದು ಸರ್ಬಿಯಾದ ಸೇನಾಧಿಕಾರಿಗಳ ಗುಪ್ತಕೂಟದಿಂದ ಎಂಬುದನ್ನು ಮಕ್ಕಳು ಕೇಳುವುದೇ ಇಲ್ಲ.

‘ಎಲ್ಲರೂ ಎಡವಿದರು, ಯಾರಿಗೂ ಬೇಕಿರಲಿಲ್ಲ’ ಎನ್ನುವುದು ಎರಡನೆಯ ದಾರಿ. ಸೌಮ್ಯ, ಸಭ್ಯ, ಈಗ ಬಹಳ ಚಾಲ್ತಿಯಲ್ಲಿದೆ. ನನಗೆ ಇದರ ಮೇಲೆ ಅಷ್ಟು ವಿಶ್ವಾಸವಿಲ್ಲ. ಆರೂವರೆಯ ರೈಲಿಗೆ ಮೊದಲೇ ಪೆಟ್ಟಿಗೆ ಕಟ್ಟಿಟ್ಟವನನ್ನು, ಟೆಲಿಫೋನ್ ಒಡೆಯುತ್ತೇನೆಂದವನನ್ನು ಎಡವಿದವರು ಎನ್ನಲು ನಾಲಿಗೆ ಬರುವುದಿಲ್ಲ.

ಮೂರನೆಯದು ನಿಮ್ಮ ಪಟ್ಟಿಯ ದಾರಿ, ವ್ಯವಸ್ಥೆಯದೇ ತಪ್ಪು ಎನ್ನುವುದು. ಇದರ ದೊಡ್ಡ ಗುಂಡಿಯ ಹೆಸರು ಇಟಲಿ. ಜರ್ಮನಿ ಮತ್ತು ಆಸ್ಟ್ರಿಯಾ ಜೊತೆ ಮೈತ್ರಿಕೂಟದಲ್ಲಿದ್ದ ದೇಶ ಅದು. 1914ರಲ್ಲಿ ತಟಸ್ಥವಾಗಿ ಕೂತಿತು, 1915ರಲ್ಲಿ ಎದುರು ಪಕ್ಷ ಸೇರಿತು. ಒಪ್ಪಂದವೇ ಯುದ್ಧಕ್ಕೆ ಎಳೆದೊಯ್ಯುವುದಾದರೆ ಇಟಲಿ ಹೇಗೆ ಬಿಡಿಸಿಕೊಂಡಿತು? ಈ ಪ್ರಶ್ನೆಯನ್ನು ನಿಮ್ಮ ಹುಡುಗ ಇನ್ನೂ ಕೇಳಿಲ್ಲ, ಕೇಳುತ್ತಾನೆ.

ತರಗತಿಯಲ್ಲಿ ನಾನು ಕೊನೆಗೆ ಹಿಡಿದ ಉಪಾಯ ಹೇಳುತ್ತೇನೆ. ಪಟ್ಟಿ ಬಿಟ್ಟು ಕರಿಹಲಗೆಯ ಮೇಲೆ ಮೂವತ್ತೇಳು ಗೆರೆ ಎಳೆದೆ, ಒಂದೊಂದು ದಿನಕ್ಕೊಂದು. ವಿದ್ಯಾರ್ಥಿಗಳನ್ನು ವಿಯೆನ್ನಾ, ಬೆಲ್‌ಗ್ರೇಡ್, ಬರ್ಲಿನ್, ಸೇಂಟ್ ಪೀಟರ್ಸ್‌ಬರ್ಗ್, ಪ್ಯಾರಿಸ್, ಲಂಡನ್ ಎಂದು ಆರು ಗುಂಪು ಮಾಡಿದೆ. ಅವರವರಿಗೆ ಆ ದಿನ ಗೊತ್ತಿದ್ದಷ್ಟನ್ನೇ ಚೀಟಿಯಲ್ಲಿ ಬರೆದು ಕೊಟ್ಟೆ. ಮೊದಲು ನಿಧಾನವಾಗಿ ಚರ್ಚೆ ಮಾಡಿಸಿದೆ, ಜುಲೈ 28 ದಾಟಿದ ಮೇಲೆ ಪ್ರತಿ ತೀರ್ಮಾನಕ್ಕೂ ಎರಡೇ ನಿಮಿಷ ಎಂದೆ. ಜಾರ್ ಆಗಿದ್ದ ಹುಡುಗಿ ಚೀಟಿ ಕೈಯಲ್ಲಿ ಹಿಡಿದು ಎದ್ದುನಿಂತು, “ಸರ್, ಇದಕ್ಕೆ ನಾನು ಉತ್ತರ ಬರೆಯುವಷ್ಟರಲ್ಲಿ ಅವರು ಇನ್ನೊಂದು ಕಳಿಸಿರುತ್ತಾರೆ, ಯಾವುದಕ್ಕೆ ಉತ್ತರ ಕೊಡಲಿ?” ಎಂದಳು. ಮೂವತ್ತು ವರ್ಷದ ನನ್ನ ನೋಟ್ಸ್‌ನಲ್ಲಿ ಜುಲೈ ಬಿಕ್ಕಟ್ಟನ್ನು ಅಷ್ಟು ಚೆನ್ನಾಗಿ ಹೇಳಿದ ಸಾಲಿಲ್ಲ. ಇದರಲ್ಲೂ ತೊಂದರೆ ಇಲ್ಲದಿಲ್ಲ. ಒಮ್ಮೆ ಬರ್ಲಿನ್ ಗುಂಪು ಮತ್ತು ಪ್ಯಾರಿಸ್ ಗುಂಪಿನ ಜಗಳ ಊಟದ ಬಿಡುವಿನವರೆಗೂ ಮುಂದುವರಿಯಿತು. ಯುದ್ಧ ತಪ್ಪಿಸಿದ ಗುಂಪುಗಳೂ ಇದ್ದವು, ಅದನ್ನೇ ನಿಜವೆಂದುಕೊಂಡು ಪರೀಕ್ಷೆಯಲ್ಲಿ ಬರೆದವರೂ ಇದ್ದರು. ಎರಡು ಪೀರಿಯಡ್ ಬೇಕು. ಪಾಠ ಮುಗಿಸುವ ಒತ್ತಡದಲ್ಲಿ ನಿಮಗೆ ಅಷ್ಟು ಸಿಗದಿದ್ದರೆ ಜುಲೈ 28ರಿಂದ ಆಗಸ್ಟ್ 4ರವರೆಗಿನ ಎಂಟು ದಿನ ಮಾಡಿ, ಸಾಕು.

ಕನ್ನಡದ ಮಕ್ಕಳಿಗೆ ಇದು ಯಾರದೋ ಊರಿನ ಜಗಳ ಅನ್ನಿಸಿದರೆ ಒಂದು ಸೋಪು ತೆಗೆದುಕೊಂಡು ಹೋಗಿ. ಯುದ್ಧಕ್ಕೆ ಮುಂಚೆ ಮೈಸೂರಿನ ಗಂಧದ ಮರ ಯುರೋಪಿಗೆ ಹೋಗುತ್ತಿತ್ತು, ಎಣ್ಣೆ ತೆಗೆಯುವ ಕೆಲಸ ಮುಖ್ಯವಾಗಿ ಜರ್ಮನಿಯಲ್ಲಿ ನಡೆಯುತ್ತಿತ್ತು. 1914ರಲ್ಲಿ ಹಡಗು ನಿಂತಿತು, ಮರ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರು ದಿವಾನರು. 1916ರಲ್ಲಿ ನಮ್ಮಲ್ಲೇ ಗಂಧದೆಣ್ಣೆ ತೆಗೆಯಲು ಆರಂಭಿಸಿದರು, ಅದರ ಬೆನ್ನಿಗೇ ಸಾಬೂನು ಬಂತು. ಮಂಗಳೂರು ಕಡೆಯವರಾದರೆ ಹೆಂಚು ತೋರಿಸಿ. 1865ರಲ್ಲಿ ಅಲ್ಲಿ ಮೊದಲ ಹೆಂಚಿನ ಕಾರ್ಖಾನೆ ಹಾಕಿದ್ದು ಬಾಸೆಲ್ ಮಿಷನ್. ಯುದ್ಧ ಬಂದಾಗ ಅದರ ಜರ್ಮನ್ ಪಾದ್ರಿಗಳು ಶತ್ರು ದೇಶದವರಾಗಿಬಿಟ್ಟರು, ಅವರನ್ನು ಬಂಧನದಲ್ಲಿಟ್ಟರು, ಕಾರ್ಖಾನೆಗಳು ಕೈಬದಲಾದವು. ಮೈಸೂರು ಲ್ಯಾನ್ಸರ್ಸ್ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಪಟ್ಟಣವನ್ನು ಗೆದ್ದದ್ದು ನಿಮಗೆ ಗೊತ್ತೇ ಇದೆ. ಮೆಷಿನ್ ಗನ್ನುಗಳ ಎದುರು ಭರ್ಜಿ ಹಿಡಿದು ಕುದುರೆ ಓಡಿಸಿದವರು ಅವರು.

ಪರೀಕ್ಷೆಗೆ ಪಠ್ಯದಲ್ಲಿ ಇರುವುದನ್ನೇ ಬರೆಸಿ. ‘ತಕ್ಷಣದ ಕಾರಣವೇನು?’ ಎಂದು ಒಂದು ಅಂಕಕ್ಕೆ ಕೇಳಿದರೆ ಆರ್ಚ್‌ಡ್ಯೂಕನ ಕೊಲೆ ಎಂದೇ ಬರೆಯಬೇಕು, ಮೋಲ್ಟ್ಕೆಯ ದೊಡ್ಡಪ್ಪನ ಕಥೆ ಬರೆದರೆ ಅಂಕ ಬರುವುದಿಲ್ಲ. ಮಕ್ಕಳಿಗೆ ಇದನ್ನು ನೇರವಾಗಿ ಹೇಳಿಬಿಡಿ, ಅವರು ನಾವು ತಿಳಿದದ್ದಕ್ಕಿಂತ ಬುದ್ಧಿವಂತರು. ದೀರ್ಘ ಉತ್ತರದಲ್ಲಿ ಮಾತ್ರ ಕಾರಣಗಳ ಪಟ್ಟಿಯ ಕೊನೆಗೆ ‘ಜುಲೈ ಬಿಕ್ಕಟ್ಟು’ ಎಂದು ಎರಡು ಸಾಲು ಸೇರಿಸಿದರೆ ಯಾವ ಮೌಲ್ಯಮಾಪಕರೂ ಅಂಕ ಕಡಿಯುವುದಿಲ್ಲ.

ಆ ಹುಡುಗನಿಗೆ ವಿಡಿಯೊ ನೋಡಬೇಡ ಎನ್ನಬೇಡಿ. ಪ್ರಿನ್ಸಿಪ್ ಅದೇ ಅಂಗಡಿಯ ಮುಂದೆ ಏಕೆ ನಿಂತಿದ್ದ, ಹುಡುಕಿಕೊಂಡು ಬಾ ಎಂದು ಅವನಿಗೇ ಕೆಲಸ ಕೊಡಿ. ದಾರಿ ಮೊದಲೇ ಪ್ರಕಟವಾಗಿತ್ತು ಎಂಬುದನ್ನು ನೀವಾಗಿಯೇ ಹೇಳಿಬಿಡಬೇಡಿ, ಒಂದೆರಡು ದಿನ ತಡೆಯಿರಿ.